ಸ್ಕ್ಯಾನಿಂಗ್ ನಾರ್ಮಲ್ ಇದ್ದರೂ ಮೆದುಳಿಗೆ ರಜೆ ಬೇಕು

“ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಅಂದಿದ್ದಾರೆ ಡಾಕ್ಟ್ರೇ, ನಾಳೆಯಿಂದ ಕೆಲಸಕ್ಕೆ ಹೋಗಬಹುದಲ್ವಾ?” ತಲೆಗೆ ಪೆಟ್ಟಾಗಿ ಆಸ್ಪತ್ರೆಯಿಂದ ಮನೆಗೆ ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ಕಾಪುವಿನ ಹೆದ್ದಾರಿಯಲ್ಲಿ ಬೈಕ್ ಜಾರಿ ಬಿದ್ದವರು, ಮಲ್ಪೆ ಬಂದರಿನ ಒದ್ದೆ ನೆಲದಲ್ಲಿ ಉರುಳಿದವರು, ಕಾರ್ಕಳದ ಕಡೆ ಕಟ್ಟಡ ಕೆಲಸ ಮಾಡುವಾಗ ಏಣಿಯಿಂದ ಬಿದ್ದವರು, ಸ್ಕೂಟರಿನ ಹಿಂದೆ ಕುಳಿತಿದ್ದಾಗ ಬುರ್ಖಾದ ಅಂಚು ಚಕ್ರಕ್ಕೆ ಸಿಕ್ಕಿ ಬಿದ್ದ ತಾಯಂದಿರು ಎಲ್ಲರಿಗೂ ಇದೇ ಚಿಂತೆ. ದಿನಗೂಲಿಯ ಮನೆಯಲ್ಲಿ ಒಂದು ದಿನದ ರಜೆಯೆಂದರೆ ಒಂದು ದಿನದ ಅಕ್ಕಿ. ಆದ್ದರಿಂದ ಪ್ರಶ್ನೆ ಸಹಜವೇ. ಆದರೆ ಅದರ ಉತ್ತರವನ್ನು ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಹುಡುಕುವುದು ತಪ್ಪು ಎಂಬುದು ನನ್ನ ಅಭಿಪ್ರಾಯ.

ತಲೆಬುರುಡೆ ಬಿರುಕು ಬಿಟ್ಟಿದೆಯೇ, ಒಳಗೆ ರಕ್ತಸ್ರಾವ ಆಗಿದೆಯೇ ಎಂಬುದನ್ನು ಸಿ.ಟಿ. ಸ್ಕ್ಯಾನ್ ತೋರಿಸುತ್ತದೆ. ಅವೆರಡೂ ಇಲ್ಲವೆಂದರೆ ಅಲ್ ಹಮ್ದುಲಿಲ್ಲಾಹ್, ದೊಡ್ಡ ಆತಂಕ ದೂರವಾಯಿತು. ಆದರೆ ಪೆಟ್ಟಿನ ರಭಸಕ್ಕೆ ಮೆದುಳು ಬುರುಡೆಯೊಳಗೆ ಅಲುಗಿದಾಗ ನರಕೋಶಗಳ ಕೆಲಸ ಕೆಲವು ದಿನ ಏರುಪೇರಾಗುತ್ತದೆ. ಇದನ್ನು ಕನ್ಕಶನ್ ಎನ್ನುತ್ತಾರೆ. ಸಿ.ಟಿ. ಸ್ಕ್ಯಾನಿನಲ್ಲಿ ಇದು ಕಾಣುವುದಿಲ್ಲ. ಇದಕ್ಕೆ ಪ್ರಜ್ಞೆ ತಪ್ಪಿರಲೇಬೇಕು ಎಂದೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು ಮತ್ತು ಗದ್ದಲ ಸಹಿಸಲಾಗದಿರುವುದು, ಹೇಳಿದ್ದು ಮರೆತುಹೋಗುವುದು, ವಿನಾಕಾರಣ ಸಿಡುಕು, ನಿದ್ದೆಯ ಏರುಪೇರು ಇದರ ಲಕ್ಷಣಗಳು. ಕೈ ಮುರಿದರೆ ಪ್ಲಾಸ್ಟರ್ ಇರುತ್ತದೆ, ನೋಡಿದವರು ಅಯ್ಯೋ ಎನ್ನುತ್ತಾರೆ. ಮೆದುಳಿಗೆ ಪ್ಲಾಸ್ಟರ್ ಇಲ್ಲ. ಹಾಗಾಗಿ ಅದರ ನೋವಿಗೆ ‘ಸೋಮಾರಿತನ’ ಎಂಬ ಹೆಸರು ಬೀಳುತ್ತದೆ.

ಒಂದು ಎಚ್ಚರಿಕೆ. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದಷ್ಟು ಮಂಪರು, ಫಿಟ್ಸ್, ಮಾತು ತೊದಲುವುದು, ಕೈಕಾಲಿನ ಬಲ ಕುಗ್ಗುವುದು, ಮೂಗು ಅಥವಾ ಕಿವಿಯಿಂದ ರಕ್ತ ಇಲ್ಲವೇ ನೀರು ಸೋರುವುದು, ಇವುಗಳಲ್ಲಿ ಯಾವುದೇ ಒಂದು ಕಂಡರೂ ರಾತ್ರಿ ಎಷ್ಟೇ ಹೊತ್ತಾಗಿರಲಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ವಯಸ್ಸಾದವರು ಮತ್ತು ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಪೆಟ್ಟು ಸಣ್ಣದಾದರೂ ವೈದ್ಯರಿಗೆ ತೋರಿಸಲೇಬೇಕು. ತಲೆಗೆ ಪೆಟ್ಟಾದವರು ಮೊದಲು ಹೋಗಬೇಕಾದದ್ದು ಆಸ್ಪತ್ರೆಗೆ. ನಮ್ಮ ಯುನಾನಿ ದವಾಖಾನೆಗೆ ಆಮೇಲೆ ಬಂದರೆ ಸಾಕು.

ಕ್ರಿಕೆಟ್ ನೋಡುವ ಮನೆಗಳಲ್ಲಿ ಈ ವಿಷಯ ವಿವರಿಸುವುದು ಸುಲಭ. 2021ರ ಆಗಸ್ಟ್‌ನಲ್ಲಿ ಭಾರತ ತಂಡ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿತ್ತು. ಮೊದಲ ಟೆಸ್ಟ್‌ಗೆ ಎರಡು ದಿನ ಇರುವಾಗ, ನೆಟ್ ಅಭ್ಯಾಸದಲ್ಲಿ ಮುಹಮ್ಮದ್ ಸಿರಾಜ್ ಎಸೆದ ಚೆಂಡು ಕರ್ನಾಟಕದ ಮಯಂಕ್ ಅಗರ್ವಾಲ್ ಅವರ ಹೆಲ್ಮೆಟ್‌ಗೆ ಬಡಿಯಿತು. ಕನ್ಕಶನ್ ಲಕ್ಷಣ ಕಂಡದ್ದರಿಂದ ವೈದ್ಯರ ತಂಡ ಅವರನ್ನು ಆ ಪಂದ್ಯದಿಂದ ಹೊರಗಿಟ್ಟಿತು. ನಮ್ಮ ಕರಾವಳಿಯಲ್ಲೇ ಬೆಳೆದ ಕೆ.ಎಲ್. ರಾಹುಲ್ ಆರಂಭಿಕನಾಗಿ ಇಳಿದು 84 ರನ್ ಹೊಡೆದರು. ಮಯಂಕ್ ಬೇಕೆಂದಿದ್ದರೂ ಆಡುವಂತಿರಲಿಲ್ಲ, ಏಕೆಂದರೆ ನಿರ್ಧಾರ ಅವರ ಕೈಯಲ್ಲಿರಲಿಲ್ಲ. ಪಂದ್ಯದ ನಡುವೆ ಹೀಗಾದರೆ ಬದಲಿ ಆಟಗಾರನನ್ನು ಇಳಿಸಲು 2019ರ ಆಗಸ್ಟ್‌ನಿಂದಲೇ ಐಸಿಸಿ ನಿಯಮವಿದೆ. ಕೋಟಿಗಟ್ಟಲೆ ಹಣದ ಆಟ ಒಂದು ತಲೆಗಾಗಿ ಇಷ್ಟು ಕಾಯುತ್ತದೆ. ನಮ್ಮ ಮನೆಯ ಯಜಮಾನನ ತಲೆ ಅದಕ್ಕಿಂತ ಅಗ್ಗವೇ?

ಹಾಗಾದರೆ ಕೆಲಸಕ್ಕೆ ಯಾವಾಗ ಹೋಗಬೇಕು? ಮೊದಲ ಒಂದೆರಡು ದಿನ ಮನೆಯಲ್ಲಿ ವಿಶ್ರಾಂತಿ. ವಿಶ್ರಾಂತಿಯೆಂದರೆ ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗುವುದಲ್ಲ, ಹಾಗೆ ಮಲಗಿದರೆ ಚೇತರಿಕೆ ಇನ್ನೂ ನಿಧಾನವಾಗುತ್ತದೆ. ಮೊಬೈಲ್, ಟಿ.ವಿ. ಕಡಿಮೆ ಮಾಡಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯಿರಿ. ಆಮೇಲೆ ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ. ಅರ್ಧ ಗಂಟೆ ಓದಲು ಅಥವಾ ಲೆಕ್ಕ ಬರೆಯಲು ಆಗುತ್ತದೆಯೇ? ಅಂಗಡಿಯವರೆಗೆ ನಡೆದು ಹೋಗಿ ಬಂದರೆ ತಲೆನೋವು ಹೆಚ್ಚುತ್ತದೆಯೇ? ಸ್ವಲ್ಪ ಹೆಚ್ಚಾಗಿ ಒಂದು ಗಂಟೆಯೊಳಗೆ ತಗ್ಗಿದರೆ ಭಯ ಬೇಡ. ಜೋರಾದರೆ, ಅಥವಾ ಗಂಟೆಗಟ್ಟಲೆ ಉಳಿದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ನಂತರ ಅರ್ಧ ದಿನದ ಕೆಲಸ, ಆಮೇಲೆ ಪೂರ್ತಿ ದಿನ. ಪ್ರತಿ ಹಂತಕ್ಕೂ ಕನಿಷ್ಠ ಒಂದು ದಿನವಾದರೂ ಕೊಡಿ. ವಯಸ್ಕರಲ್ಲಿ ಹೆಚ್ಚಿನವರು ಎರಡು ವಾರದ ಆಸುಪಾಸಿನಲ್ಲಿ ಸುಧಾರಿಸುತ್ತಾರೆ, ಕೆಲವರಿಗೆ ತಿಂಗಳುಗಳೇ ಬೇಕಾಗುತ್ತವೆ. ತಿಂಗಳಾದರೂ ಲಕ್ಷಣ ಉಳಿದರೆ ತಜ್ಞರನ್ನು ಕಾಣಿರಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆ ನಮಗೆ ಹತ್ತಿರದಲ್ಲೇ ಇದೆ.

ಕೆಲಸ ಯಾವುದು ಎಂಬುದೂ ಮುಖ್ಯ. ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು ಅರ್ಧ ದಿನ ಕೂತು ನೋಡಬಹುದು. ಆಟೋ, ಲಾರಿ ಓಡಿಸುವವರು, ಏಣಿ ಅಥವಾ ತೆಂಗಿನ ಮರ ಹತ್ತುವವರು, ಮರದ ಮಿಲ್ಲಿನಲ್ಲಿ ಗರಗಸದ ಮುಂದೆ ನಿಲ್ಲುವವರು ವೈದ್ಯರ ಒಪ್ಪಿಗೆ ಪಡೆದೇ ಮರಳಬೇಕು. ಒಂದು ಕ್ಷಣದ ತಲೆಸುತ್ತು ಅಲ್ಲಿ ಇನ್ನೊಂದು ಜೀವಕ್ಕೂ ಎರವಾದೀತು. ಮೊದಲ ಪೆಟ್ಟು ವಾಸಿಯಾಗುವ ಮುನ್ನ ಎರಡನೆಯದು ಬಿದ್ದರೆ ಅಪಾಯ ಬಹಳ ಹೆಚ್ಚು. ಆಳಸಮುದ್ರದ ಬೋಟ್ ಹತ್ತಿದರೆ ಅರ್ಧ ದಿನದಲ್ಲಿ ಇಳಿದು ಬರುವಂತಿಲ್ಲ, ಆದ್ದರಿಂದ ಮೀನುಗಾರರು ಪೂರ್ತಿ ಗುಣವಾದ ಮೇಲೆಯೇ ಹೋಗಬೇಕು. ಊರಿಗೆ ಬಂದಿರುವ ಗಲ್ಫ್ ಉದ್ಯೋಗಿಗಳೇ, ಟಿಕೆಟ್‌ನ ದಿನಾಂಕ ಮೆದುಳಿಗೆ ಗೊತ್ತಿಲ್ಲ. ವೈದ್ಯರ ಸರ್ಟಿಫಿಕೇಟ್ ಪಡೆದು ಕಂಪನಿಗೆ ಮೊದಲೇ ತಿಳಿಸಿ.

ಇನ್ನು ರಜೆ ಚೀಟಿಯೇ ಇಲ್ಲದ ಕೆಲಸ ಒಂದಿದೆ, ಅದು ಮನೆಯೊಡತಿಯದು. ಒಲೆಯ ಬಿಸಿ, ಮಿಕ್ಸಿಯ ಸದ್ದು, ಬಗ್ಗಿ ನೆಲ ಒರೆಸುವುದು, ಮಕ್ಕಳ ಗದ್ದಲ, ಇವೆಲ್ಲವೂ ಪೆಟ್ಟಾದ ಮೆದುಳಿಗೆ ಕೆಲಸವೇ. ಆಸ್ಪತ್ರೆಯಿಂದ ಬಂದ ದಿನವೇ ಆಕೆ ಅಕ್ಕಿ ತೊಳೆಯಲು ನಿಂತರೆ ‘ಗಟ್ಟಿ ಹೆಂಗಸು’ ಎಂದು ಹೊಗಳಬೇಡಿ, ಪಾತ್ರೆಯನ್ನು ಕೈಯಿಂದ ತೆಗೆದುಕೊಳ್ಳಿ. ಮಕ್ಕಳ ಓದಿಗೂ ಇದೇ ಮಾತು ಅನ್ವಯಿಸುತ್ತದೆ. ಶಾಲೆಯ ಉಸ್ತಾದರಿಗೂ ಮದ್ರಸದ ಉಸ್ತಾದರಿಗೂ ವಿಷಯ ತಿಳಿಸಿ, ಸ್ವಲ್ಪ ಸ್ವಲ್ಪವಾಗಿ ತರಗತಿಗೆ ಕಳಿಸಿ.

ಯುನಾನಿ ವೈದ್ಯಶಾಸ್ತ್ರದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳನ್ನು ಹೇಳಿದೆ, ಅವನ್ನು ಅಸ್ಬಾಬೆ ಸಿತ್ತಾ ಝರೂರಿಯ್ಯಾ ಎನ್ನುತ್ತೇವೆ. ದೇಹದ ಚಲನೆ ಮತ್ತು ವಿಶ್ರಾಂತಿ ಅದರಲ್ಲಿ ಒಂದು, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ ಇನ್ನೊಂದು, ನಿದ್ದೆ ಮತ್ತು ಎಚ್ಚರ ಮತ್ತೊಂದು. ಮನಸ್ಸಿನ ದುಡಿಮೆಯೂ ದುಡಿಮೆಯೇ ಎಂದು ನಮ್ಮ ಹಿಂದಿನ ಹಕೀಮರು ತಿಳಿದಿದ್ದರು. ಈ ದಿನಗಳಲ್ಲಿ ನಾನು ಒತ್ತು ಕೊಡುವುದು ಹೊತ್ತಿಗೆ ಸರಿಯಾದ ನಿದ್ದೆ, ಹಗುರವಾದ ಊಟ, ಸಾಕಷ್ಟು ನೀರು, ಇಷ್ಟಕ್ಕೇ. ಪೆಟ್ಟಾದ ತಲೆಗೆ ಎಣ್ಣೆ ಹಚ್ಚಿ ಗಸಗಸ ತಿಕ್ಕುವುದು, ಹಿಜಾಮಾ ಮಾಡಿಸುವುದು ಬೇಡ. ನಿಮ್ಮಷ್ಟಕ್ಕೆ ನೀವೇ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದೂ ಬೇಡ.

ಬಗ್ಗಿದರೆ ತಲೆ ಸುತ್ತುವವರು ನಮಾಝ್ ಅನ್ನು ಕುಳಿತು, ಸನ್ನೆಯಿಂದ ನಿರ್ವಹಿಸಬಹುದು. ರಮಝಾನ್‌ನಲ್ಲಿ ಹೀಗಾದರೆ ರೋಗಿಗೆ ಉಪವಾಸವನ್ನು ಮುಂದಕ್ಕೆ ಹಾಕುವ ಅವಕಾಶವಿದೆ. ಶರೀಅತ್ ಕೊಟ್ಟ ವಿನಾಯಿತಿಯನ್ನು ನಾವು ಏಕೆ ನಿರಾಕರಿಸಬೇಕು?

ಕೊನೆಯದಾಗಿ ಹಣದ ಮಾತು. ಇಎಸ್‌ಐ ಇರುವ ಕಾರ್ಮಿಕರಿಗೆ ಅಗತ್ಯವಿರುವಷ್ಟು ವಂತಿಗೆ ಕಟ್ಟಿದ್ದರೆ ಅನಾರೋಗ್ಯದ ರಜೆಯಲ್ಲಿ ವೇತನದ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಕೆಲಸದಲ್ಲೇ ಆದ ಅಪಘಾತಕ್ಕೆ ಶೇ. 90ರಷ್ಟು. ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯಲ್ಲಿ ಆದ ಅಪಘಾತವೂ ಇದರಲ್ಲಿ ಸೇರಬಹುದು, ಕೇಳಿ ಪಡೆಯಿರಿ. ಆದರೆ ಮೀನು ಮಾರುವವರಿಗೆ, ಗಾರೆ ಕೆಲಸದವರಿಗೆ, ಆಟೋ ಚಾಲಕರಿಗೆ ಇಎಸ್‌ಐ ಇರುವುದು ಅಪರೂಪ. ಅವರು ಬೇಗ ಕೆಲಸಕ್ಕೆ ಓಡುವುದಕ್ಕೆ ಅಜ್ಞಾನವೇ ಕಾರಣವಲ್ಲ, ಖಾಲಿ ಡಬ್ಬಿಯೂ ಕಾರಣ. ಕ್ರಿಕೆಟ್‌ನಲ್ಲಿ ಬದಲಿ ಆಟಗಾರ ಸಿಗುತ್ತಾನೆ. ಇವರಿಗೆ ಆ ಬದಲಿ ನಾವೇ ಆಗಬೇಕು. ಎರಡು ವಾರ ಆಟೋ ಓಡಿಸಿಕೊಡುವ ತಮ್ಮ, ಅಂಗಡಿಯಲ್ಲಿ ಕೂರುವ ಮಾವ, ಅಡುಗೆ ಕಳಿಸುವ ನೆರೆಮನೆ, ಎರಡು ವಾರದ ರೇಷನ್ ಕೊಡಿಸುವ ಜಮಾಅತ್, ಇವೇ ಆ ಮೆದುಳಿಗೆ ಸಿಗಬೇಕಾದ ಮದ್ದು. ನಿಮ್ಮ ಮೊಹಲ್ಲಾದಲ್ಲಿ ಯಾರಾದರೂ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರೆ “ಕೆಲಸಕ್ಕೆ ಯಾವಾಗ ಹೋಗ್ತೀರಿ?” ಎಂದು ಕೇಳುವ ಮೊದಲು “ಮನೆಗೆ ಏನು ಬೇಕು?” ಎಂದು ಕೇಳಿ.