ಪ್ಯಾರಿಸ್ಸಿಗೆ ಹೋಗುವ ಮುನ್ನ

ಮದುವೆಯಾಗಿ ಹತ್ತು ಹನ್ನೆರಡು ವರ್ಷ ಕಳೆದು, ಮನೆಯ ಸಾಲ ಒಂದು ಹದಕ್ಕೆ ಬಂದು, ಮಕ್ಕಳು ಅಜ್ಜಿಯ ಬಳಿ ಎರಡು ವಾರ ಇರಬಲ್ಲರೆಂಬ ಧೈರ್ಯ ಹುಟ್ಟಿದೊಡನೆ ನಮ್ಮ ನಗರದ ಗೃಹಸ್ಥರಿಗೆ ಯೂರೋಪಿನ ಕನಸು ಬೀಳತೊಡಗುತ್ತದೆ. ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಲೂಸರ್ನ್, ಮಿಲಾನ್, ರೋಮ್ - ಎಲ್ಲಕ್ಕೂ ರೈಲುಂಟು. ಹಲವು ದೇಶಗಳಿಗೆ ಒಂದೇ ಪಾಸು ಸಾಕು. ದೈವಭಕ್ತಿಯುಳ್ಳವರು ನಡುವೆ ಲೂರ್ದ್ ಕ್ಷೇತ್ರವನ್ನೂ ಸೇರಿಸಿಕೊಳ್ಳುತ್ತಾರೆ. ಹಿಂದಿರುಗಿದ ಮೇಲೆ ಚಿತ್ರಗಳನ್ನು ತೋರಿಸುವಾಗ ಮಾತ್ರ ಸಣ್ಣದೊಂದು ಜಗಳ: "ಈ ಗಡಿಯಾರದ ಗೋಪುರ ಎಲ್ಲಿಯದು?" ಯಜಮಾನರು ಒಂದು ಊರು ಹೇಳುತ್ತಾರೆ, ಯಜಮಾನಿತಿ ಇನ್ನೊಂದು. ಹನ್ನೆರಡು ದಿನಗಳಲ್ಲಿ ಎಂಟು ಊರುಗಳನ್ನು ಕಂಡವರಿಗೆ ಅಷ್ಟಾದರೂ ನೆನಪಿರುವುದೇ ದೊಡ್ಡದು.

ಇದು ಹೊಟ್ಟೆಕಿಚ್ಚಿನ ಮಾತಲ್ಲ. ಯೂರೋಪಿನ ರೈಲು ಮನುಷ್ಯನಿಗೆ ಮಾಡಿದ ಉಪಕಾರ ಸಣ್ಣದಲ್ಲ. 1841ರಲ್ಲಿ ಥಾಮಸ್ ಕುಕ್ ಎಂಬಾತ ಇಂಗ್ಲೆಂಡಿನ ಲೆಸ್ಟರಿನಿಂದ ಲಫ್‌ಬರೊ ಊರಿಗೆ ಜನರನ್ನು ಒಂದು ಬಂಡಿಯಲ್ಲಿ ಕೂಡಿಸಿಕೊಂಡು ಹೋದಂದಿನಿಂದ, ಪ್ರವಾಸವೆಂಬುದು ಸಿರಿವಂತರ ಸೊತ್ತಾಗಿ ಉಳಿಯಲಿಲ್ಲ. ಲೂರ್ದಿನ ಕಥೆಯೂ ಅಂತಹುದೇ. 1858ರಲ್ಲಿ ಬರ್ನಡೆಟ್ ಎಂಬ ಬಡ ಹುಡುಗಿಗೆ ಅಲ್ಲಿನ ಗುಹೆಯಲ್ಲಿ ದೇವಮಾತೆಯ ದರ್ಶನವಾಯಿತೆಂದು ಸುದ್ದಿ ಹಬ್ಬಿತು; 1866ರಲ್ಲಿ ಊರಿಗೆ ರೈಲು ಬಂತು. ನಡೆಯಲಾರದ ರೋಗಿಗಳು ಸಹ ದೂರದಿಂದ ಬರುವುದು ಆ ಬಳಿಕ ಸಾಧ್ಯವಾಯಿತು. ಕ್ಷೇತ್ರಕ್ಕೆ ಮಹಿಮೆಯನ್ನು ಕೊಟ್ಟದ್ದು ನಂಬಿಕೆ. ದಾರಿಯನ್ನು ಕೊಟ್ಟದ್ದು ಕಬ್ಬಿಣದ ಹಳಿ.

ಬೆಂಗಳೂರಿನಿಂದ ಆ ಯೂರೋಪಿಗೆ ಹಾರುವವರು ದೇವನಹಳ್ಳಿಗೆ ಹೋಗಬೇಕಷ್ಟೆ? ಅಲ್ಲಿ ವಿಮಾನ ನಿಲ್ದಾಣದ ಸಮೀಪದಲ್ಲೇ ಒಂದು ಹಳೆಯ ರೈಲು ದಾರಿ ಹಾದುಹೋಗುತ್ತದೆ. 2021ರಲ್ಲಿ ಅದರ ಮೇಲೆ ವಿಮಾನ ನಿಲ್ದಾಣದ ಹೆಸರಿನ ಪುಟ್ಟ ತಂಗುದಾಣವೊಂದು ಕೂಡ ಆಯಿತು. ಪೆಟ್ಟಿಗೆ ಹೊತ್ತವರು ಪಡುವಣಕ್ಕೆ ಹಾರುತ್ತಾರೆ. ಹಳಿ ಮಾತ್ರ ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಕಡೆಗೆ ಸಾಗುತ್ತದೆ. 1915ರಲ್ಲಿ ಚಿಕ್ಕಬಳ್ಳಾಪುರದವರೆಗೆ ತೆರೆದಾಗ ಇದು ಎರಡೂವರೆ ಅಡಿ ಅಗಲದ ಕಿರುಹಳಿ. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗಿನ ಭಾಗ ಅಗಲ ಹಳಿಯಾಗಿ ಮತ್ತೆ ತೆರೆದದ್ದು 2013ರಲ್ಲಿ. ನಾನೂ ನನ್ನಾಕೆಯೂ ಕಳೆದ ರಜೆಯಲ್ಲಿ ಮೂರು ದಿನದ ಬುತ್ತಿ ಕಟ್ಟಿಕೊಂಡು ಈ ಹಳಿಯನ್ನೇ ಹಿಡಿದು ಹೊರಟೆವು.

ಹೆಂಚಿನ ಮಾಡಿನ ನಂದಿ ಹಾಲ್ಟಿನಲ್ಲಿ ಇಳಿದರೆ ಭೋಗನಂದೀಶ್ವರನ ಗುಡಿಗೆ ನಡೆದೇ ಹೋಗಬಹುದು. ಸೂರ್ಯೋದಯಕ್ಕೆಂದು ಬೆಟ್ಟ ಹತ್ತುವ ಜನಸಂದಣಿ ಕೆಳಗಿನ ಈ ಗುಡಿಯನ್ನು ಹೆಚ್ಚಾಗಿ ಮರೆತೇಬಿಡುತ್ತದೆ. ಕ್ರಿ. ಶ. 806ರ ಶಾಸನದಲ್ಲಿ ಹೆಸರಿರುವ ಈ ಶಿವಾಲಯವನ್ನು ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ತಲೆಮಾರುಗಳ ಕಾಲ ಬೆಳೆಸಿದರು. ಸ್ಥಳದ ಜನರು ಹೇಳುವ ಅರ್ಥ ಬಲು ಸೊಗಸು: ಇಲ್ಲಿನ ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ನಡುವಣ ಉಮಾಮಹೇಶ್ವರನಿಗೆ ಕಲ್ಯಾಣಮಂಟಪ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ. ಮಂಟಪದ ಕಪ್ಪು ಕಲ್ಲಿನ ಕಂಬಗಳನ್ನು ನೋಡುತ್ತ ನನ್ನಾಕೆ, "ಮದುವೆ ಬೆಟ್ಟದ ಬುಡದಲ್ಲಿ, ವೈರಾಗ್ಯ ತುದಿಯಲ್ಲಿ. ನಡುವಣ ಏರುದಾರಿಗೆ ಯಾರೂ ಗುಡಿ ಕಟ್ಟಲಿಲ್ಲವೆ?" ಎಂದಳು. ಉತ್ತರ ನನಗೆ ಹೊಳೆಯಲಿಲ್ಲ. ಸಂಸಾರಿಗಳಾದ ನಾವೆಲ್ಲ ಇರುವುದು ಆ ಏರುದಾರಿಯಲ್ಲಿಯೇ ಅಲ್ಲವೆ?

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಈ ಹಳಿ ಬಂದದ್ದು ಅವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ. 1962ರಲ್ಲಿ ಅವರ ದೇಹ ಮಣ್ಣು ಸೇರಿದ್ದೂ ಹುಟ್ಟೂರಿನಲ್ಲಿಯೇ. ಅಲ್ಲಿಂದ ಮುಂದೆ ಹಿಪ್ಪುನೇರಳೆಯ ತೋಟಗಳ ನಡುವೆ ಶಿಡ್ಲಘಟ್ಟ. ರೇಷ್ಮೆಯ ಕೀರ್ತಿಗೆಂದು ಫ್ರಾನ್ಸಿನ ಲಿಯೋನ್ ನಗರವನ್ನು ನೋಡಹೋಗುವವರು, ತಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಧಾರೆಸೀರೆಯ ನೂಲು ಎಲ್ಲಿ ಹುಟ್ಟಿತೆಂಬುದನ್ನು ಇಲ್ಲಿ ಕಾಣಬೇಕು. ರೈತರು ತಂದ ಗೂಡು ಮಾರುಕಟ್ಟೆಯಲ್ಲಿ ಹರಾಜಾಗುತ್ತದೆ. ನೂಲು ಬಿಚ್ಚುವ ಮನೆಗಳಲ್ಲಿ ಗೂಡುಗಳು ಕುದಿನೀರಿನಲ್ಲಿ ಕುಣಿಯುತ್ತವೆ. ಹಬೆ, ಹುಳುವಿನ ಕಟುವಾಸನೆ, ನೀರಿನಲ್ಲಿ ನೆನೆದು ಬೆಳ್ಳಗಾದ ಬೆರಳುಗಳು! ನನ್ನಾಕೆ ಅಲ್ಲಿದ್ದ ಒಬ್ಬ ತಾಯಿಯ ಕೈಗಳನ್ನು ಬಹಳ ಹೊತ್ತು ನೋಡಿದಳು. "ಸೀರೆ ಉಡುವಾಗ ಈ ಬೆರಳು ನೆನಪಾಗದೆ ಇರದು" ಎಂದಷ್ಟೇ ಹೇಳಿದಳು.

ಚಿಂತಾಮಣಿಯಲ್ಲಿ ಇಳಿದರೆ ಅದೇ ತಾಲ್ಲೂಕಿನ ಕೈವಾರಕ್ಕೆ ಬಸ್ಸುಂಟು. ಅಲ್ಲಿನ ನಾರೇಯಣ ಯತೀಂದ್ರರನ್ನು ಜನ ಪ್ರೀತಿಯಿಂದ ಕೈವಾರ ತಾತಯ್ಯ ಎನ್ನುತ್ತಾರೆ. ಅವರು ಬಳೆ ಮಾರುತ್ತಿದ್ದ ಸಂಸಾರಿಗಳು. ವ್ಯಾಪಾರಕ್ಕಿಂತ ಭಜನೆಯಲ್ಲೇ ಮುಳುಗಿಹೋದರೆಂದು ಕಥೆ. ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದರು. ಸೀಮೆಯ ಗುಣವೇ ಹಾಗೆ: ರೈಲಿನ ಬೋಗಿಯಲ್ಲಿ ತಾಯಿ ತೆಲುಗಿನಲ್ಲಿ ಗದರಿಸಿದರೆ ಮಗು ಕನ್ನಡದಲ್ಲಿ ಅಳುತ್ತದೆ. ಯೂರೋಪಿನಲ್ಲಿ ಇಂದು ರಹದಾರಿಯನ್ನು ಕೇಳದೆ ಗಡಿ ದಾಟಿಸುತ್ತಾರೆಂದು ಬೆರಗಾಗುವವರುಂಟು. ನಮ್ಮ ಈ ಜನಕ್ಕೆ ಎರಡು ನುಡಿಗಳ ನಡುವಿನ ಗಡಿಯೇ ಕಂಡಂತಿಲ್ಲ.

ಗೌರಿಬಿದನೂರು ಇನ್ನೊಂದು ಹಳಿಯ ಮೇಲಿದೆ. ಅದು ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಬಂದ ದಾರಿ. ಎರಡು ಹಳಿಗಳ ನಡುವೆ ಬಸ್ಸೇ ಗತಿ. ಹಳಿಗಳು ಕೂಡದ ಊರುಗಳನ್ನು ನದಿಯೊಂದು ಕೂಡಿಸಿದೆ: ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿದ ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾದು ಆಂಧ್ರದತ್ತ ನಡೆಯುತ್ತದೆ. ಈ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದವರು ವಿಚಾರವಾದಿ ಎಚ್. ನರಸಿಂಹಯ್ಯನವರು. ರೈಲು ಓಡುತ್ತಿದ್ದ ಸೀಮೆಯಲ್ಲೇ, 1935ರಲ್ಲಿ ಆ ಬಡ ಹುಡುಗ ಓದಿನ ಆಸೆಯಿಂದ ಬೆಂಗಳೂರಿಗೆ ನಡೆದೇ ಹೋದನು. ಮುಂದೆ ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ತಮ್ಮ ತಾಲ್ಲೂಕಿನ ಮಕ್ಕಳು ಹಾಗೆ ನಡೆಯಬೇಕಾಗದಂತೆ ಗೌರಿಬಿದನೂರಿನಲ್ಲಿಯೇ ಕಾಲೇಜನ್ನು ತೆರೆಸಿದರು. ಇದೂ ಒಂದು ಯಾತ್ರೆಯೆ.

ಅಲ್ಲಿಂದ ಮುಂದಿನ ನಿಲ್ದಾಣ ವಿದುರಾಶ್ವತ್ಥ. ವಿದುರನು ನೆಟ್ಟನೆಂಬ ಅಶ್ವತ್ಥವೃಕ್ಷ 2001ರಲ್ಲಿ ಉರುಳಿತು. ಆದರೂ ಕ್ಷೇತ್ರ ಬರಿದಾಗಲಿಲ್ಲ. ಎತ್ತ ನೋಡಿದರೂ ನಾಗರಕಲ್ಲುಗಳು, ಸಾವಿರಾರು. ಮಕ್ಕಳಿಲ್ಲದ ದಂಪತಿಗಳು ಹರಕೆ ಹೊತ್ತು ನಿಲ್ಲಿಸಿದ ಕಲ್ಲುಗಳಿವು. ನಾವು ಹೋದಂದು ಎಳೆಯ ಜೋಡಿಯೊಂದು ಹೊಸ ಕಲ್ಲಿಗೆ ಹಾಲೆರೆಯುತ್ತಿತ್ತು. ಹುಡುಗ ಸಂಕೋಚದಿಂದ ಅತ್ತಿತ್ತ ನೋಡುತ್ತಿದ್ದ. ಹುಡುಗಿಗೆ ಲೋಕದ ಪರಿವೆಯೇ ಇರಲಿಲ್ಲ. ನನಗೆ ನರಸಿಂಹಯ್ಯನವರ ನೆನಪು ಬಂದಿತ್ತು. ತರ್ಕದ ಮಾತೊಂದು ನಾಲಗೆಯ ತುದಿಯಲ್ಲಿತ್ತು. ಆ ಮುಖವನ್ನು ಕಂಡ ಮೇಲೆ ಅದು ಹೊರಬರಲಿಲ್ಲ.

ಅದೇ ನೆಲದಲ್ಲಿ ಇನ್ನೊಂದು ಕಲ್ಲಿನ ನೆನಪುಂಟು, ಹುತಾತ್ಮರ ಸ್ಮಾರಕ. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕೆಂದು ಇಲ್ಲಿ ನೆರೆದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಮಡಿದವರು ಮೂವತ್ತಕ್ಕೂ ಮೇಲೆಂದು ಜನ ನೆನೆಯುತ್ತಾರೆ. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿದ ಬಳಿಕ, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ಸಿನ ಬಾವುಟವೂ ಹಾರಲು ಅಪ್ಪಣೆಯಾಯಿತು. ಸ್ಮಾರಕದ ಮುಂದೆ ನನ್ನಾಕೆ ಸುಮ್ಮನೆ ನಿಂತಿದ್ದಳು. ಆಮೇಲೆ ಮೆಲ್ಲನೆ ಕೇಳಿದಳು: "ಇವರಲ್ಲಿಯೂ ಯಾರನ್ನಾದರೂ, ಈ ಮರಕ್ಕೆ ಸುತ್ತು ಬಂದೇ ತಾಯಿ ಹಡೆದಿರಬಹುದು, ಅಲ್ಲವೆ ನೀವೇ ಹೇಳಿ?"

ಇತಿಹಾಸದ ಪುಸ್ತಕಗಳಲ್ಲಿ ಆ ಪ್ರಶ್ನೆಯನ್ನು ನಾನು ಕಂಡಿಲ್ಲ. ಒಂದು ಕಲ್ಲು ಹುಟ್ಟಬೇಕಾದ ಮಗುವಿಗಾಗಿ, ಇನ್ನೊಂದು ಸತ್ತ ಮಗನಿಗಾಗಿ. ನಡುವೆ ಕೂಗಳತೆಯ ದೂರ. ಒಬ್ಬನೇ ಹೋಗಿದ್ದರೆ ನಾನು ಇಸವಿಗಳನ್ನು ಗುರುತು ಹಾಕಿಕೊಂಡು ಮರಳುತ್ತಿದ್ದೆ. ಅವಳೊಬ್ಬಳೇ ಹೋಗಿದ್ದರೆ ಕುಂಕುಮ ಪ್ರಸಾದದೊಂದಿಗೆ ಮರಳುತ್ತಿದ್ದಳೋ ಏನೋ. ಇಬ್ಬರೂ ಕೂಡಿ ಹೋದುದರಿಂದ ಒಬ್ಬರ ಕಣ್ಣಿಗೆ ಕಾಣದುದನ್ನು ಇನ್ನೊಬ್ಬರು ಕಂಡಂತಾಯಿತು. ದಂಪತಿಗಳ ಯಾತ್ರೆಗೆ ಇದಕ್ಕಿಂತ ಬೇರೆ ಫಲ ಬೇಕಿಲ್ಲ. ಆ ಫಲ ಕೈಸೇರಲು ತುಸು ನಿಧಾನ ಬೇಕು, ಊರುಗಳ ಎಣಿಕೆ ಬೇಡ.

ಆದಕಾರಣ, ವಾಚಕ ಮಹಾಶಯರೆ, ಯೂರೋಪಿಗೆ ಹೋಗುವವರು ಖಂಡಿತ ಹೋಗಿಬನ್ನಿ. ಮೊದಲು ಮೂರು ದಿನ ನಿಮ್ಮ ಮಗ್ಗುಲಿನ ಹಳಿಯ ಮೇಲೆ ಜೊತೆಯಾಗಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮುಂದೊಂದು ದಿನ ಲೂರ್ದಿನ ಇರುಳಿನಲ್ಲಿ ಮೇಣದ ಬತ್ತಿ ಹಿಡಿದು ಸಾಗುವ ಭಕ್ತರ ಸಾಲನ್ನು ಕಂಡಾಗ, ನಾಗರಕಲ್ಲಿಗೆ ಹಾಲೆರೆದ ಹುಡುಗಿಯ ಮುಖ ನೆನಪಾದರೆ, ಆ ಊರು ನಿಮಗೆ ಪರದೇಶವಾಗಿ ಉಳಿಯದು.