ಪ್ರಶ್ನೆ ಕೇಳಿದವನ ಮೇಲೆ ಕಲ್ಲೇಕೆ?

ಇದ್ದದ್ದನ್ನು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರೆಂಬುದು ನಮ್ಮಲ್ಲಿ ಹಳೆಯ ಗಾದೆ. ಈ ಗಾದೆಯ ಸತ್ಯವನ್ನು ಇಂದು ನಿತ್ಯವೂ ಅನುಭವಿಸುತ್ತಿರುವವರು ಪತ್ರಿಕೆಗಳ ಕ್ರೀಡಾ ಬಾತ್ಮೀದಾರರು. ತಂಡವು ಸೋತ ದಿನ ನಾಯಕನನ್ನೋ ತರಬೇತುದಾರನನ್ನೋ ಕುರಿತು "ಈ ಆಟಗಾರನನ್ನು ಏಕೆ ಕೈಬಿಟ್ಟಿರಿ? ಆ ಆಟಗಾರನನ್ನು ಏಕೆ ಇಟ್ಟುಕೊಂಡಿರಿ?" ಎಂದು ಕೇಳಿದರೆ ಸಾಕು, ಉತ್ತರ ಕೊಡಬೇಕಾದವರು ಸುಮ್ಮನಿದ್ದರೂ ಅವರ ಅಭಿಮಾನಿಗಳು ಸುಮ್ಮನಿರುವುದಿಲ್ಲ. ಕೇಳಿದವನ ಜಾತಿ, ಊರು, ದೇಶಭಕ್ತಿ, ಮನೆಯ ಹೆಂಗಸರು, ಯಾವುದನ್ನೂ ಬಿಡದೆ ಬೈಗುಳದ ಮಳೆ ಸುರಿಯುತ್ತದೆ. ಹಿಂದೆ ಕಲ್ಲು ಹಿಡಿಯುತ್ತಿದ್ದ ಕೈಗಳು ಇಂದು ಮೊಬೈಲು ಹಿಡಿದಿವೆ, ವ್ಯತ್ಯಾಸ ಅಷ್ಟೇ.

ಘೋಡ್ ನದಿಯ ದಂಡೆಯ ಶಿರೂರಿನಲ್ಲಿರುವ ನಮಗೆ ಈ ವಿಚಾರದ ಗೊಡವೆಯೇಕೆಂದು ಕೆಲವು ವಾಚಕರು ಕೇಳಬಹುದು. ಪುಣೆ–ಅಹಿಲ್ಯಾನಗರ ಹೆದ್ದಾರಿಯಲ್ಲಿ ಹೋಟೆಲು ನಡೆಸುವ, ರಾಂಜಣಗಾಂವಿನ ಕಾರಖಾನೆಗಳಲ್ಲಿ ದುಡಿಯುವ ನಮ್ಮವರಿಗೆ ಊರಿನ ನಂಟನ್ನು ಉಳಿಸಿಕೊಟ್ಟಿರುವ ವಸ್ತುಗಳಲ್ಲಿ ಕ್ರಿಕೆಟ್ಟೂ ಒಂದು. ಮರಾಠಿ ಮಿತ್ರರ ನಡುವೆ ಕುಳಿತು ಬೆಂಗಳೂರಿನ ತಂಡಕ್ಕಾಗಿ ಗಂಟಲು ಹರಿದುಕೊಳ್ಳುವ ತರುಣರು ನಮ್ಮಲ್ಲಿ ಅನೇಕರಿದ್ದಾರೆ. ಆ ಪ್ರೀತಿಯನ್ನು ನಾವು ಹಳಿಯುವವರಲ್ಲ. ಆದರೆ ಪ್ರೀತಿಯು ಪ್ರಶ್ನೆಯನ್ನು ಸಹಿಸದ ಮಟ್ಟಕ್ಕೆ ಹೋದಾಗ ನಷ್ಟವು ಬಾತ್ಮೀದಾರನಿಗಿಂತ ಹೆಚ್ಚಾಗಿ ಅಭಿಮಾನಿಗೇ ಆಗುತ್ತದೆಂಬುದನ್ನು ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು ನೆರೆಯ ಉದಾಹರಣೆಯನ್ನೇ ನೋಡೋಣ. 2024ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡ್ ತಂಡದೆದುರು ಭಾರತವು ಬೆಂಗಳೂರಿನಲ್ಲಿ 46 ರನ್ನುಗಳಿಗೆ ಮುಗಿಯಿತು. ಅದರ ಬೆನ್ನಿಗೆ ನಮ್ಮ ಪುಣೆಯ ಗಹುಂಜೆ ಮೈದಾನದಲ್ಲಿ 113 ರನ್ನುಗಳಿಂದ ಸೋತಿತು. ಮಿಚೆಲ್ ಸ್ಯಾಂಟ್ನರ್ ಒಬ್ಬನೇ 13 ವಿಕೆಟ್ಟುಗಳನ್ನು ಕಿತ್ತನು. ಮುಂಬಯಿಯಲ್ಲಿಯೂ ಸೋಲು. 2012ರ ಅನಂತರ ಸ್ವದೇಶದಲ್ಲಿ ಒಂದೂ ಟೆಸ್ಟ್ ಸರಣಿಯನ್ನು ಕಳೆದುಕೊಳ್ಳದಿದ್ದ ತಂಡವು 3–0 ಅಂತರದಿಂದ ಮಣ್ಣುಮುಕ್ಕಿತು. ಇದೇ ಗಹುಂಜೆಯಲ್ಲಿ 2017ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯವು ಮೂರೇ ದಿನಗಳಲ್ಲಿ 333 ರನ್ನುಗಳಿಂದ ಗೆದ್ದಿತ್ತು. ಆ ಪಿಚ್ಚು ಕಳಪೆಯೆಂದು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯೇ ತೀರ್ಪು ಕೊಟ್ಟಿತ್ತು. ಹೀಗಿರುವಾಗ, ಚೆಂಡು ತಿರುಗುವ ಪಿಚ್ಚಿನಲ್ಲಿ ನಮ್ಮವರೇ ಮತ್ತೆ ಮತ್ತೆ ಬೀಳುವುದೇಕೆಂಬ ಪ್ರಶ್ನೆ ಏಳದೆ ಇದ್ದೀತೆ? ಬಿಸಿಲಿನಲ್ಲಿ ಹಣ ತೆತ್ತು ಕುಳಿತ ಪ್ರೇಕ್ಷಕನು ಆ ಪ್ರಶ್ನೆಯನ್ನು ಯಾರ ಬಳಿ ಕೇಳಬೇಕು? ನಾಯಕನು ಪತ್ರಕರ್ತರನ್ನು ಕಾಣುವ ಕೋಣೆಯೊಳಕ್ಕೆ ಅವನಿಗೆ ಪ್ರವೇಶವಿಲ್ಲ. ಅಲ್ಲಿ ಅವನ ಪರವಾಗಿ ನಿಂತಿರುವ ಮುಖತ್ಯಾರನೇ ಬಾತ್ಮೀದಾರ. ತನ್ನ ಮುಖತ್ಯಾರನನ್ನೇ ಕಲ್ಲೆಸೆದು ಓಡಿಸುವ ಕಕ್ಷಿಗಾರನನ್ನು ನಾವು ಯಾವ ನ್ಯಾಯಾಲಯದಲ್ಲಿಯೂ ಕಂಡಿಲ್ಲ.

ಬಾತ್ಮೀದಾರನ ಸ್ಥಿತಿಯೂ ಭದ್ರವಾದುದಲ್ಲ. ಅವನಿಗೆ ಮೈದಾನದ ಪ್ರವೇಶಪತ್ರ ಕೊಡುವುದು ಅವನು ಪ್ರಶ್ನಿಸಬೇಕಾದ ಸಂಸ್ಥೆಯೇ. ವೀಕ್ಷಕ ವಿವರಣೆಗಾರರಿಗಂತೂ ಅನೇಕ ವೇಳೆ ಸಂಬಳವೂ ಅಲ್ಲಿಂದಲೇ. 2016ರ ಮಾರ್ಚಿಯಲ್ಲಿ, ನಮ್ಮ ವಿವರಣೆಗಾರರು ಪರತಂಡದವರನ್ನೇ ಹೆಚ್ಚು ಹೊಗಳುತ್ತಾರೆಂದು ಪ್ರಖ್ಯಾತ ಚಿತ್ರನಟರೊಬ್ಬರು ಆಕ್ಷೇಪಿಸಿದರು. ಆಗಿನ ನಾಯಕ ಧೋನಿಯವರು ಅದಕ್ಕೆ ದನಿಗೂಡಿಸಿದರು. ಮರುತಿಂಗಳೇ ಹರ್ಷ ಭೋಗ್ಲೆಯವರು ಐ.ಪಿ.ಎಲ್. ವಿವರಣೆಯಿಂದ ಹೊರಗುಳಿದರು, ಕಾರಣವನ್ನು ಅವರಿಗೆ ಯಾರೂ ತಿಳಿಸಲಿಲ್ಲ. ಮಂಗಳೂರಿನಲ್ಲಿ ಜನಿಸಿದ ಸಂಜಯ ಮಾಂಜ್ರೇಕರರು 2019ರ ವಿಶ್ವಕಪ್ಪಿನ ವೇಳೆಗೆ ರವೀಂದ್ರ ಜಡೇಜರನ್ನು ಚೂರುಪಾರು ಆಟಗಾರನೆಂಬ ಅರ್ಥದಲ್ಲಿ ಕರೆದರು. ಅಭಿಮಾನಿಗಳು ಕೆರಳಿದರು. ಆದರೆ ಜಡೇಜರು ನಿಜವಾದ ಉತ್ತರ ಕೊಟ್ಟದ್ದು ಮ್ಯಾಂಚೆಸ್ಟರಿನ ಉಪಾಂತ್ಯ ಪಂದ್ಯದಲ್ಲಿ. ತಂಡವು ಮುಳುಗುತ್ತಿದ್ದಾಗ 59 ಚೆಂಡುಗಳಲ್ಲಿ 77 ರನ್ನು ಹೊಡೆದರು. ಮಾಂಜ್ರೇಕರರೂ ಬಹಿರಂಗವಾಗಿ ತಲೆಬಾಗಿ ಮೆಚ್ಚಿದರು. ಟೀಕೆಗೆ ಬ್ಯಾಟು ಉತ್ತರ ಕೊಟ್ಟಿತು, ಟೀಕಾಕಾರನು ಒಪ್ಪಿಕೊಂಡನು. ಇಬ್ಬರ ಮಾನವೂ ಉಳಿಯಿತು. ಅಭಿಮಾನಿಗಳ ಬೈಗುಳ ಇಲ್ಲಿ ಯಾರಿಗೆ ಬೇಕಾಗಿತ್ತು? 2020ರ ಮಾರ್ಚಿಯಲ್ಲಿ ಅವರನ್ನೂ ಮಂಡಳಿಯ ವಿವರಣೆಗಾರರ ಪಟ್ಟಿಯಿಂದ ಕೈಬಿಡಲಾಯಿತು.

ಇನ್ನು ನಮ್ಮವರೇ ನಮ್ಮವರನ್ನು ಪ್ರಶ್ನಿಸಿದ ಪ್ರಸಂಗ. 2023ರ ಫೆಬ್ರವರಿಯಲ್ಲಿ ವೆಂಕಟೇಶ ಪ್ರಸಾದರು ಕೆ.ಎಲ್. ರಾಹುಲರ ಆಯ್ಕೆಯನ್ನು ಅಂಕಿಗಳ ಸಹಿತ ಪ್ರಶ್ನಿಸಿದರು. 46 ಟೆಸ್ಟುಗಳ ಬಳಿಕವೂ ಸರಾಸರಿ 34ರ ಆಸುಪಾಸಿನಲ್ಲಿದೆಯಲ್ಲವೇ, ಹೊರಗೆ ಕಾಯುತ್ತಿರುವವರ ಗತಿಯೇನು ಎಂಬುದು ಅವರ ವಾದ. ಇಬ್ಬರೂ ಕನ್ನಡಿಗರೇ. ಆದರೂ ಪ್ರಸಾದರಿಗೆ ವೈಯಕ್ತಿಕ ದ್ವೇಷವಿದೆಯೆಂಬ ಆರೋಪ ಹೊರಟಿತು; ಹಾಗೇನೂ ಇಲ್ಲವೆಂದು ಅವರು ಸ್ಪಷ್ಟೀಕರಿಸಬೇಕಾಯಿತು. ಮುಂದಿನ ಟೆಸ್ಟಿನಲ್ಲಿ ರಾಹುಲರು ತಂಡದಿಂದ ಹೊರಗುಳಿದರು. ಅದರಿಂದ ಅವರು ನಾಶವಾದರೇ? 2025ರ ಇಂಗ್ಲೆಂಡ್ ಪ್ರವಾಸದ ಐದು ಟೆಸ್ಟುಗಳಲ್ಲಿ ಅದೇ ರಾಹುಲರು ಎರಡು ಶತಕಗಳೊಡನೆ 532 ರನ್ನು ಗಳಿಸಿದರು. ಸತ್ತ್ವವುಳ್ಳ ಆಟಗಾರನನ್ನು ಪ್ರಶ್ನೆಯು ಕೊಲ್ಲುವುದಿಲ್ಲ. 2025ರ ಡಿಸೆಂಬರಿನಲ್ಲಿ ಪ್ರಸಾದರು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ ಆರಿಸಿ ಬಂದರು. ಪ್ರಶ್ನಿಸಿದವರೇ ಉತ್ತರಿಸುವ ಪೀಠವನ್ನೇರಿದಾಗ ಅವರನ್ನೂ ಅಷ್ಟೇ ನಿಷ್ಠುರವಾಗಿ ಪ್ರಶ್ನಿಸಬೇಕು. ಹಾಗೆ ಕೇಳುವವರಿಗೂ ನಮ್ಮ ಬೆಂಬಲವುಂಟು.

ಬಾತ್ಮೀದಾರರೆಲ್ಲರೂ ಸತ್ಯಹರಿಶ್ಚಂದ್ರರೆಂದು ನಾವು ಹೇಳುವುದಿಲ್ಲ. 2017ರಲ್ಲಿ ಮಹಿಳಾ ತಂಡದ ನಾಯಕಿ ಮಿಥಾಲಿ ರಾಜರನ್ನು, ನಿಮಗೆ ಪ್ರಿಯನಾದ ಪುರುಷ ಆಟಗಾರ ಯಾರೆಂದು ಕೇಳಿದ ಮಹಾಶಯನೂ ಪತ್ರಕರ್ತನೇ. ಸಂದರ್ಶನ ಕೊಡದ ವೃದ್ಧಿಮಾನ್ ಸಾಹಾರನ್ನು ಬೆದರಿಸಿದ ಪತ್ರಕರ್ತನನ್ನು ಮಂಡಳಿಯು 2022ರಲ್ಲಿ ಎರಡು ವರ್ಷಗಳ ಕಾಲ ದೂರವಿರಿಸಿತು. ಅದು ಯೋಗ್ಯವಾದ ಕ್ರಮ. ಬೆದರಿಕೆ ಬೇರೆ, ಪ್ರಶ್ನೆ ಬೇರೆ. ಆಟದ ಬಗ್ಗೆ, ಆಯ್ಕೆಯ ಬಗ್ಗೆ, ಹಣದ ಬಗ್ಗೆ ಕೇಳುವುದು ಪ್ರಶ್ನೆ. ಆಟಗಾರನ ಹೆಂಡತಿ ಮಕ್ಕಳ ಬಗ್ಗೆ ಕೆದಕುವುದು ಅಧಿಕಪ್ರಸಂಗ. ಈ ವಿವೇಕವಿಲ್ಲದ ಬಾತ್ಮೀದಾರನನ್ನು ಖಂಡಿಸುವುದರಲ್ಲಿ ನಾವೂ ಮುಂದಿರುತ್ತೇವೆ.

ಆದರೆ ಆಟಗಾರನನ್ನು ರಕ್ಷಿಸುವುದಾಗಿ ಹೇಳುವ ಈ ಅಭಿಮಾನವು ಆಟಗಾರನಿಗಾದರೂ ನಿಷ್ಠವಾಗಿದೆಯೇ? 1971ರಲ್ಲಿ ವೆಸ್ಟ್ ಇಂಡೀಸಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಗೆದ್ದು ಬಂದ ಅಜಿತ ವಾಡೇಕರರನ್ನು ಜನ ತಲೆಯ ಮೇಲೆ ಹೊತ್ತು ಮೆರೆಸಿದರು. ಇಂದೂರಿನಲ್ಲಿ ಸಿಮೆಂಟಿನ ದೊಡ್ಡ ಬ್ಯಾಟೊಂದನ್ನು ನಿಲ್ಲಿಸಿದರು. 1974ರಲ್ಲಿ ಲಾರ್ಡ್ಸಿನಲ್ಲಿ ತಂಡವು 42ಕ್ಕೆ ಉರುಳಿ 3–0 ಸೋತಾಗ ಅದೇ ವಾಡೇಕರರ ಮನೆಗೆ ಕಲ್ಲು ಬಿದ್ದಿತು, ಆ ಬ್ಯಾಟಿಗೆ ಮಸಿ ಬಿದ್ದಿತು. ಕಲ್ಲಿಗೆ ಬಾತ್ಮೀದಾರನೆಂದೂ ನಾಯಕನೆಂದೂ ಭೇದವಿಲ್ಲ. ಇಂದು ಪ್ರಶ್ನಿಸಿದವನ ಮೇಲೆ ಬೀಳುವುದು ನಾಳೆ ಸೋತವನ ಮೇಲೆ ಬೀಳುತ್ತದೆ.

ನಾವು ಪತ್ರಿಕೆಯ ಮೇಜಿಗೆ ಬರುವ ಮುನ್ನ ಹೋಟೆಲಿನ ಗಲ್ಲಾದ ಮೇಲೆ ಕುಳಿತವರು. ಆ ಅನುಭವದ ಒಂದು ಮಾತನ್ನು ಹೇಳುತ್ತೇವೆ. ಸಾಂಬಾರಿಗೆ ಉಪ್ಪು ಹೆಚ್ಚಾಗಿದೆಯೆಂದು ಕರೆದು ಹೇಳುವ ಗಿರಾಕಿ ಹೋಟೆಲಿನ ಹಿತೈಷಿ. ಮುಖ ಸಿಂಡರಿಸಿ, ಮಾತಾಡದೆ, ಬಿಲ್ಲು ಕೊಟ್ಟು ಹೋದವನು ಮತ್ತೆ ಆ ಮೆಟ್ಟಿಲನ್ನು ತುಳಿಯುವುದಿಲ್ಲ. "ನಮ್ಮ ಹೋಟೆಲಿನ ಸಾಂಬಾರನ್ನು ಹಳಿಯಲು ನೀನಾರು?" ಎಂದು ಉಳಿದ ಗಿರಾಕಿಗಳು ಆ ಹಿತೈಷಿಯನ್ನು ಹೊರದಬ್ಬಿದರೆ ಮಾಲೀಕನಿಗೆ ಆ ಹೊತ್ತು ಸಂತೋಷವಾದೀತು. ಆದರೆ ಅಡಿಗೆಯವನು ಅಂದಿನಿಂದ ರುಚಿ ನೋಡುವುದನ್ನೇ ಬಿಡುತ್ತಾನೆ. ಉಪ್ಪಿನ ಸಾಂಬಾರನ್ನು ಉಣ್ಣಬೇಕಾದವರು ಆ ಗಿರಾಕಿಗಳೇ.

ಇದು ನಗೆಯ ಮಾತಾಗಿ ಮುಗಿಯುವಂತಿಲ್ಲ. 2025ರ ಜೂನ್ 3ರಂದು ಬೆಂಗಳೂರಿನ ತಂಡವು 18ನೆಯ ಐ.ಪಿ.ಎಲ್.ನಲ್ಲಿ ಮೊದಲ ಸಲ ಗೆದ್ದಿತು. ಮರುದಿನವೇ ಸನ್ಮಾನ, ಉತ್ಸವ. ಮೆರವಣಿಗೆಯುಂಟೋ ಇಲ್ಲವೋ, ಮೈದಾನದ ಪ್ರವೇಶಕ್ಕೆ ಚೀಟಿ ಬೇಕೋ ಬೇಡವೋ ಎಂಬ ಗೊಂದಲದ ನಡುವೆ ಚಿನ್ನಸ್ವಾಮಿ ಮೈದಾನದ ಬಾಗಿಲುಗಳಲ್ಲಿ ನೂಕುನುಗ್ಗಲಾಗಿ 11 ಜನ ಪ್ರಾಣ ಬಿಟ್ಟರು. 50ಕ್ಕೂ ಹೆಚ್ಚು ಜನ ಗಾಯಗೊಂಡರು. ಅನುಮತಿ ಯಾರು ಕೊಟ್ಟರು, ಬಾಗಿಲುಗಳೆಷ್ಟು, ಪೊಲೀಸರೆಷ್ಟು ಎಂದು ಅಂದು ಬೆಳಿಗ್ಗೆ ಯಾವನೊಬ್ಬ ಬಾತ್ಮೀದಾರನು ಪಟ್ಟುಹಿಡಿದು ಕೇಳಿದ್ದರೆ, ಸಂಭ್ರಮಕ್ಕೆ ಅಪಶಕುನವಾಡುವ ದ್ರೋಹಿಯೆಂದು ಅವನನ್ನು ಕರೆಯುತ್ತಿರಲಿಲ್ಲವೇ? ಆ ಪ್ರಶ್ನೆಗಳನ್ನು ಅನಂತರ ವಿಚಾರಣಾ ಆಯೋಗ ಕೇಳಿತು. ಅಂಥ ಮಹಾ ಜನಸಂದಣಿಗೆ ಆ ಮೈದಾನವು ಸುರಕ್ಷಿತವಲ್ಲವೆಂದು ವರದಿಯಾಯಿತು. ಬೆಂಗಳೂರಿಗೆ ನಿಗದಿಯಾಗಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ನವಿ ಮುಂಬಯಿಗೆ ಹೋದುವು. ಸತ್ತವರು ಮಂಡಳಿಯ ಪದಾಧಿಕಾರಿಗಳಲ್ಲ, ತಾರೆಗಳೂ ಅಲ್ಲ. ಚಪ್ಪಾಳೆ ತಟ್ಟಲು ಬಂದ ಅಭಿಮಾನಿಗಳು.

ಆದುದರಿಂದ ನಮ್ಮ ತರುಣ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೇ. ತಂಡವು ಗೆದ್ದಾಗ ಕುಣಿಯಿರಿ, ಸೋತಾಗ ಮರುಗಿರಿ. ಆದರೆ ಯಾವನಾದರೂ ಬಾತ್ಮೀದಾರನ ಮೇಲೆ ಬೈಗುಳ ಬರೆಯುವ ಮುನ್ನ ಅವನು ಕೇಳಿದ ಪ್ರಶ್ನೆಯನ್ನು ಒಮ್ಮೆ ಪೂರ್ತಿಯಾಗಿ ಓದಿರಿ. ಅದಕ್ಕೆ ಉತ್ತರ ಬಂದಿತೇ ಎಂಬುದನ್ನು ನೋಡಿರಿ. ಪ್ರಶ್ನೆಯು ತಪ್ಪಾಗಿದ್ದರೆ ಅದರ ತಪ್ಪನ್ನು ತೋರಿಸಿರಿ. ಸರಿಯಾಗಿದ್ದು ಉತ್ತರವು ಬಾರದಿದ್ದರೆ, ಅದೇ ಪ್ರಶ್ನೆಯನ್ನು ನೀವೂ ಕೇಳಿರಿ. ಟಿಕೀಟಿನ ಹಣ ನಿಮ್ಮದು, ಪ್ರಾಣವೂ ನಿಮ್ಮದು.