ಹಳೇದೇ ಹಾಡ್ಲಿ ಬಿಡಿ ಎನ್ನುವವರಿಗೆ

2024ರ ಜುಲೈನಲ್ಲಿ ಡೀಪ್ ಪರ್ಪಲ್ ಬ್ಯಾಂಡಿನ ಹೊಸ ಆಲ್ಬಂ ಬಂತು. ಹೆಸರು ‘=1’. ಬಂದ ದಿನ ರಾತ್ರಿ ಮಂಡ್ಯದ ನಮ್ಮ ಮನೆಯ ಮಹಡಿಯಲ್ಲಿ ಕೂತು ಇಡೀ ಆಲ್ಬಮ್ಮನ್ನು ಎರಡು ಸಲ ಕೇಳಿ, ಹಳೆಯ ಹಾಸ್ಟೆಲ್ ಗೆಳೆಯರ ವಾಟ್ಸಾಪ್ ಗ್ರೂಪಿಗೆ ಲಿಂಕ್ ಹಾಕಿದೆ. ಬೆಂಗಳೂರಿನಲ್ಲಿ ಓದುವಾಗ ಒಂದೇ ವಾಕ್‌ಮನ್ನಿಗೆ ಜಗಳವಾಡಿದವರು ನಾವು. ಐದು ನಿಮಿಷದಲ್ಲಿ ಮದ್ದೂರಿನ ಗೆಳೆಯನ ಉತ್ತರ ಬಂತು: ‘ಲೋ, ಆ ಮುದುಕ್ರು ಇನ್ನೂ ಹಾಡ್ತಾವ್ರಾ? ಸ್ಮೋಕ್ ಆನ್ ದ ವಾಟರ್ ಹಾಕ್ಲಾ, ಸಾಕು.’ ಅದಕ್ಕೆ ಹನ್ನೊಂದು ಜನ ನಗುವ ಮುಖ ಒತ್ತಿದರು. ಲಿಂಕನ್ನು ಯಾರೂ ತೆರೆಯಲಿಲ್ಲ. ಮಾರನೆಯ ವಾರ ಒಬ್ಬೊಬ್ಬರನ್ನೇ ಕೇಳಿ ಇದನ್ನು ಖಚಿತ ಮಾಡಿಕೊಂಡೆ.

ನನ್ನ ತಕರಾರು ಈ ಹನ್ನೊಂದು ಜನರ ಮೇಲೆ. ಇವರೆಲ್ಲ ತಮ್ಮನ್ನು ಕ್ಲಾಸಿಕ್ ರಾಕ್ ಪ್ರೇಮಿಗಳು ಎಂದುಕೊಳ್ಳುತ್ತಾರೆ. ಕಪ್ಪು ಟೀ ಶರ್ಟ್ ಇದೆ, ಕಾರಿನಲ್ಲಿ ಒಳ್ಳೆಯ ಸ್ಪೀಕರ್ ಇದೆ, ‘ಈಗಿನ ಮ್ಯೂಸಿಕ್ಕಾ ಅದು, ಥೂ’ ಎನ್ನುವ ಮಾತೂ ಇದೆ. ಆದರೆ ಯಾರನ್ನು ಪ್ರೀತಿಸುತ್ತೇವೆಂದು ಎದೆ ತಟ್ಟಿಕೊಳ್ಳುತ್ತಾರೋ ಆ ಕಲಾವಿದರು ಇವತ್ತು ಏನು ಹಾಡುತ್ತಿದ್ದಾರೆ ಎಂದು ಕೇಳುವ ವ್ಯವಧಾನ ಇಲ್ಲ. ಇದು ಸಂಗೀತದ ಮೇಲಿನ ಪ್ರೀತಿಯಲ್ಲ. ತಮ್ಮ ಇಪ್ಪತ್ತನೇ ವಯಸ್ಸಿನ ಮೇಲಿನ ಮೋಹ. ಅದನ್ನು ಹಾಗೆಂದೇ ಕರೆದರೆ ನನಗೇನೂ ಅಭ್ಯಂತರವಿಲ್ಲ. ‘ರಾಕ್ ಸತ್ತುಹೋಯಿತು’ ಎಂದು ಶ್ರಾದ್ಧ ಮಾಡುವುದಕ್ಕೆ ಮಾತ್ರ ನನ್ನ ವಿರೋಧವಿದೆ. ಯಾಕೆಂದರೆ ಸತ್ತವರ ಪಟ್ಟಿಯಲ್ಲಿ ಇವರು ಸೇರಿಸಿರುವ ಬಹುಪಾಲು ಜನ ಇನ್ನೂ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದಾರೆ.

ಲೆಕ್ಕ ನೋಡಿ. ರೋಲಿಂಗ್ ಸ್ಟೋನ್ಸ್ 2023ರ ಅಕ್ಟೋಬರ್‌ನಲ್ಲಿ ‘ಹ್ಯಾಕ್ನಿ ಡೈಮಂಡ್ಸ್’ ತಂದರು. ಸ್ವಂತ ಹೊಸ ಹಾಡುಗಳ ಆಲ್ಬಂ ಅವರಿಂದ ಬಂದು ಅಷ್ಟು ಹೊತ್ತಿಗೆ ಹದಿನೆಂಟು ವರ್ಷವಾಗಿತ್ತು. ಮಿಕ್ ಜಾಗರ್‌ಗೆ ಎಂಬತ್ತು. 2021ರಲ್ಲಿ ತೀರಿಕೊಂಡ ಡ್ರಮ್ಮರ್ ಚಾರ್ಲಿ ವಾಟ್ಸ್ ಬಾರಿಸಿಟ್ಟು ಹೋಗಿದ್ದ ಎರಡು ಹಾಡುಗಳೂ ಅದರಲ್ಲಿವೆ. ಜೂಡಾಸ್ ಪ್ರೀಸ್ಟ್ ತಮ್ಮ ಮೊದಲ ಆಲ್ಬಂ ತಂದದ್ದು 1974ರಲ್ಲಿ. ಸರಿಯಾಗಿ ಐವತ್ತು ವರ್ಷಕ್ಕೆ, 2024ರ ಮಾರ್ಚ್‌ನಲ್ಲಿ, ‘ಇನ್ವಿನ್ಸಿಬಲ್ ಶೀಲ್ಡ್’ ಕೊಟ್ಟರು. ಗಿಟಾರ್ ವಾದಕ ಗ್ಲೆನ್ ಟಿಪ್ಟನ್ ತಮಗೆ ಪಾರ್ಕಿನ್ಸನ್ ಕಾಯಿಲೆ ಇದೆಯೆಂದು 2018ರಲ್ಲೇ ಹೇಳಿಕೊಂಡವರು. ಆದರೂ ಆಲ್ಬಮ್ಮಿನಲ್ಲಿ ಅವರಿದ್ದಾರೆ. ಇಷ್ಟು ದೂರ ಹೋಗುವುದೂ ಬೇಡ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟೋಸ್ ಬ್ಯಾಂಡ್ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿ ಬಂದು, 2024ರಲ್ಲಿ ‘ಡೆಸಿಮೇಟರ್’ ಎಂಬ ಹೊಸ ಆಲ್ಬಂ ತಂದಿದೆ. ನಮ್ಮ ಗ್ರೂಪಿನಲ್ಲಿ ಎಷ್ಟು ಜನ ಅದನ್ನು ಕೇಳಿದ್ದಾರೆ ಎಂದು ನಾನು ವಿಚಾರಿಸಲಿಲ್ಲ. ಧೈರ್ಯ ಬರಲಿಲ್ಲ.

ನೀವು ಹೇಳಬಹುದು: ‘ಹೊಸದು ಹಳೆಯದರಷ್ಟು ಚೆನ್ನಾಗಿಲ್ಲ ಸ್ವಾಮಿ, ಅದಕ್ಕೇ ಕೇಳಲ್ಲ.’ ಇದು ಅಲ್ಲಗಳೆಯುವ ಮಾತಲ್ಲ. ಎಷ್ಟೋ ಹೊಸ ಆಲ್ಬಂಗಳು ಸಪ್ಪೆಯಾಗಿವೆ, ಒಪ್ಪುತ್ತೇನೆ. ಆದರೆ ಹಳೆಯ ಆಲ್ಬಂಗಳು ನಮಗೆ ಚೆನ್ನಾಗಿದ್ದದ್ದು ಹೇಗೆ? ಊಟದ ದುಡ್ಡು ಉಳಿಸಿ ಕ್ಯಾಸೆಟ್ ಕೊಳ್ಳುತ್ತಿದ್ದೆವು. ದುಡ್ಡು ಕೊಟ್ಟ ಮೇಲೆ ಹಿಡಿಸಲಿ ಬಿಡಲಿ ಕೇಳಲೇಬೇಕು. ಮೊದಲ ಸಲ ತಲೆಬುಡ ಅರ್ಥವಾಗದ ಹಾಡು ಇಪ್ಪತ್ತನೇ ಸಲಕ್ಕೆ ಮೈಗೆ ಹತ್ತುತ್ತಿತ್ತು. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ಹಾಕಿ ಸುತ್ತಿ ಮತ್ತೆ ಕೇಳುತ್ತಿದ್ದೆವು. ಹಳೆಯ ಹಾಡಿಗೆ ನೂರು ಸಲದ ಕಿವಿ ಕೊಟ್ಟು, ಹೊಸದಕ್ಕೆ ಮೂವತ್ತು ಸೆಕೆಂಡ್ ಕೊಟ್ಟು, ಆಮೇಲೆ ಎರಡನ್ನೂ ತೂಗಿ ‘ಹೊಸದು ಹಗುರ’ ಎಂದರೆ ತಪ್ಪು ಹಾಡಿನದಲ್ಲ, ತಕ್ಕಡಿಯದು.

ಇದರ ಪರಿಣಾಮ ಕಲಾವಿದರ ಮೇಲೆ ಏನಾಗುತ್ತದೆ ಎಂಬುದಕ್ಕೆ ನಾನೇ ಕಂಡ ಎರಡು ರಾತ್ರಿಗಳಿವೆ. 2007ರ ಮಾರ್ಚ್ 17, ಶನಿವಾರ. ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್. ಮದ್ದೂರಿನಲ್ಲಿ ರೈಲು ಹತ್ತಿ, ವಡೆ ಕಟ್ಟಿಸಿಕೊಂಡು ಹೋದ ನಾಲ್ವರಲ್ಲಿ ನಾನೂ ಒಬ್ಬ. ಹಿಂದಿನ ವರ್ಷವಷ್ಟೇ ಅವರ ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’ ಬಂದಿತ್ತು. 2006ರ ಪ್ರವಾಸದಲ್ಲಿ ಅವರು ಆ ಹೊಸ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ನುಡಿಸುವ ಸಾಹಸ ಮಾಡಿದ್ದರು. ಹಳೆಯ ಹಾಡು ಹಾಡಿ ಎಂದು ಅಲ್ಲಿನ ಅಭಿಮಾನಿಗಳಲ್ಲೇ ಗೊಣಗಾಟ ಎದ್ದಿತ್ತು. ನಮ್ಮೂರಿಗೆ ಬರುವ ಹೊತ್ತಿಗೆ ಹೊಸ ಹಾಡುಗಳ ಸಂಖ್ಯೆ ಇಳಿದುಹೋಗಿತ್ತು. ಹಳೆಯ ಹಾಡು ಶುರುವಾದಾಗಲೆಲ್ಲ ಕೂಗಿದವರಲ್ಲಿ ನಾನೂ ಇದ್ದೆ, ಹೊಸದು ಬಂದಾಗ ನೀರು ಹುಡುಕಿಕೊಂಡು ಹೋದವರಲ್ಲೂ ಇದ್ದೆ.

ಎರಡನೆಯದು 2011ರ ಅಕ್ಟೋಬರ್ 30. ಅದೇ ಮೈದಾನ, ಮೆಟಾಲಿಕಾ. ಲೂ ರೀಡ್ ಜೊತೆ ಸೇರಿ ಅವರು ಮಾಡಿದ ‘ಲುಲು’ ಹೊರಬಂದದ್ದು ಅದೇ ವಾರ. ಅದರ ಒಂದೇ ಒಂದು ಹಾಡನ್ನೂ ಅವತ್ತು ನಾವು ಕೇಳಲಿಲ್ಲ. ‘ಲುಲು’ ಕಷ್ಟದ ಆಲ್ಬಂ, ಮೊದಲ ಸಲ ನಾನೂ ಅರ್ಧಕ್ಕೇ ನಿಲ್ಲಿಸಿದ್ದೆ. ಆದರೆ ಯೋಚಿಸಿ: ಒಂದು ಬ್ಯಾಂಡ್ ತಾನು ತೀರಾ ಈಚೆಗೆ ಮಾಡಿದ ಕೆಲಸವನ್ನು ಮನೆಯಲ್ಲೇ ಬಿಟ್ಟು ಸಮುದ್ರ ದಾಟಿ ಬರುತ್ತದೆ, ನಮಗೆ ಅದರ ಕೊರತೆಯೇ ಕಾಣುವುದಿಲ್ಲ.

ಈ ಚಾಳಿಗೆ ಈಗ ದೊಡ್ಡ ದುಡ್ಡು ಕಾವಲು ನಿಂತಿದೆ. ಬಾಬ್ ಡಿಲನ್ ತಮ್ಮ ಹಾಡುಗಳ ಹಕ್ಕನ್ನು 2020ರಲ್ಲಿ ಯೂನಿವರ್ಸಲ್ ಕಂಪನಿಗೆ ಮಾರಿದರು. ಪಿಂಕ್ ಫ್ಲಾಯ್ಡ್ ಧ್ವನಿಮುದ್ರಿಕೆಗಳು 2024ರಲ್ಲಿ ಸೋನಿ ಪಾಲಾದವು, ಸುಮಾರು 40 ಕೋಟಿ ಡಾಲರಿಗೆ ಎಂದು ಪತ್ರಿಕೆಗಳು ಬರೆದವು. ಅಷ್ಟು ಕೊಟ್ಟು ಕೊಂಡವರಿಗೆ ಅಸಲು ಹುಟ್ಟಬೇಕಾದರೆ ನೀವು ಹಳೆಯದನ್ನೇ ಮತ್ತೆ ಮತ್ತೆ ಕೇಳುತ್ತಿರಬೇಕು. ನಿಮ್ಮ ಫೋನು ‘ನಿಮಗಾಗಿ’ ಎಂದು ಮುಂದಿಡುವ ಪಟ್ಟಿ ನಿನ್ನೆ ಕೇಳಿದ್ದನ್ನೇ ಇವತ್ತೂ ಬಡಿಸುತ್ತದೆ. ನಾವು ಅದನ್ನು ನಮ್ಮ ಅಭಿರುಚಿ ಎಂದು ತಿಳಿದಿದ್ದೇವೆ.

ಇಷ್ಟು ಓದಿ ‘ಇಂಗ್ಲಿಷ್ ಹಾಡಿನ ಗೋಳು ನಮಗ್ಯಾಕೆ’ ಎನ್ನುವ ಓದುಗರು ಇರುತ್ತಾರೆ. ಅವರಿಗಾಗಿಯೇ ಮುಂದಿನ ಮಾತು. ಇದೇ ಅನ್ಯಾಯವನ್ನು ನಾನು ನನ್ನ ಕೈಯಾರೆ ಮಾಡಿದ್ದೇನೆ, ಅದೂ ಮಳವಳ್ಳಿ ಸೀಮೆಯಲ್ಲಿ.

ನಮ್ಮ ಜಿಲ್ಲೆಗೂ ಹಿರಿಯ ಬ್ಯಾಂಡುಗಳಿವೆ. ತಂಬೂರಿ, ಗಗ್ಗರ, ತಾಳ ಹಿಡಿದು ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರನ್ನು ಹಾಗೆ ಕರೆದರೆ ಅವರೇನೂ ಬೇಸರ ಮಾಡಿಕೊಳ್ಳಲಾರರು. ಮಂಟೇಸ್ವಾಮಿಯ ಗದ್ದುಗೆ ಇರುವ ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನಲ್ಲೇ ಇದೆ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯ ಟೇಪ್ ರೆಕಾರ್ಡರುಗಳಲ್ಲಿ ಮಳವಳ್ಳಿ ಮಹದೇವಸ್ವಾಮಿಯವರ ದನಿ ಮೊಳಗುತ್ತಿತ್ತು. ಒಂದು ಸಾಲು ಮುಗಿಯಲು ಹಲವು ಕ್ಯಾಸೆಟ್ ಬೇಕಾಗುತ್ತಿತ್ತು. ರಾತ್ರಿಯಿಡೀ ಹಾಡುವ ಕಥೆ ಅದು. ಮುಮ್ಮೇಳದವರು ಹೇಳುತ್ತ ಹೋಗುತ್ತಾರೆ, ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ಎಲ್ಲಿ ಜನ ಕಣ್ಣೀರು ಹಾಕಿದರೋ ಅಲ್ಲಿ ಹಾಡು ಹಿಗ್ಗುತ್ತದೆ, ಎಲ್ಲಿ ತೂಕಡಿಸಿದರೋ ಅಲ್ಲಿ ಒಂದು ತಮಾಷೆ ಸೇರುತ್ತದೆ. ನಿನ್ನೆ ರಾತ್ರಿಯ ಹಾಡು ಇವತ್ತಿನದಲ್ಲ. ರಾಕ್ ಬ್ಯಾಂಡುಗಳ ಭಾಷೆಯಲ್ಲಿ ಹೇಳುವುದಾದರೆ, ಇವರಿಗೆ ಪ್ರತಿ ಜಾಗರಣೆಯೂ ಒಂದು ಹೊಸ ಆಲ್ಬಂ.

ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ಊರಿನ ರಾಜ್ಯೋತ್ಸವಕ್ಕೆ ಹಿರಿಯ ನೀಲಗಾರರೊಬ್ಬರನ್ನು ಕರೆಸಿದ್ದೆವು. ಸಮಿತಿಯಲ್ಲಿ ನಾನಿದ್ದೆ. ಸಮಯ ಪಾಲಿಸುವ ಹೊಣೆ ನನ್ನದು. ಶಾಸಕರ ಭಾಷಣ, ಸನ್ಮಾನ, ಮಕ್ಕಳ ಡ್ಯಾನ್ಸ್ ಎಲ್ಲ ಮುಗಿದು ಅವರ ಸರದಿ ಬಂದಾಗ ಉಳಿದದ್ದು ಹತ್ತು ನಿಮಿಷ. ವೇದಿಕೆ ಹತ್ತುವ ಮುನ್ನ ಅವರು ನನ್ನ ಹತ್ತಿರ ಬಂದು, ‘ಸಾಮಿ, ಹಲಗೂರು ಪಾಂಚಾಳರ ಸಾಲು ಹೇಳ್ಬೇಕು ಅನ್ಕಂಡ್ ಬಂದಿವ್ನಿ, ಒಂದ್ ಗಂಟೆ ಆದ್ರೂ ಆಯ್ತದೆ’ ಎಂದರು. ನಾನು ಗಡಿಯಾರ ತೋರಿಸಿದೆ. ‘ಅದೆಲ್ಲ ಬ್ಯಾಡ ಅಯ್ಯ, ಸೋಜುಗಾದ ಸೂಜುಮಲ್ಲಿಗೆ ಹೇಳ್ಬುಡಿ, ಹುಡುಗ್ರು ಕೇಳ್ತಾವ್ರೆ’ ಎಂದೆ. ಅವರು ಒಂದು ಗಳಿಗೆ ನನ್ನನ್ನು ನೋಡಿ, ‘ಅದು ಫೋನಲ್ಲಿ ಐತಲ್ಲ ಸಾಮಿ’ ಎಂದರು. ಆಮೇಲೆ ಹಾಡಿದರು. ಏಳು ನಿಮಿಷ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದೆವು, ಕಳಿಸಿದೆವು.

ಹಲಗೂರು ಎಂದರೆ ಎಲ್ಲಿ? ಮಳವಳ್ಳಿ ತಾಲ್ಲೂಕಿನ ಹಲಗೂರೇ. ಆ ಸಾಲಿನ ನಾಯಕ ಕೆಂಪಾಚಾರಿ, ಮುಂದೆ ಸಿದ್ಧಪ್ಪಾಜಿಯಾದವನು, ಹುಟ್ಟಿದ್ದು ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ. ಮಂಟೇಸ್ವಾಮಿಯ ಶಿಷ್ಯನಾಗಿ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆ ಬೇಡಲು ಹೋದವನು. ಇವತ್ತು ನಿಡಘಟ್ಟ ನಮ್ಮ ಹುಡುಗರಿಗೆ ಗೊತ್ತಿರುವುದು ಬೆಂಗಳೂರು–ಮೈಸೂರು ಹೆದ್ದಾರಿಯ ಕಾಮಗಾರಿ ಎರಡು ಭಾಗವಾದ ಜಾಗವೆಂದು. ಅಲ್ಲೇ ಹುಟ್ಟಿ, ಈ ನೆಲದಲ್ಲೇ ನಡೆದ ಕಥೆಯನ್ನು, ಈ ನೆಲದ ಮಕ್ಕಳ ಮುಂದೆ ಹೇಳಲು ಬಂದ ಹಿರಿಯನಿಗೆ ನಾನು ಹೇಳಿದ್ದು, ಫೋನಿನಲ್ಲಿರುವುದನ್ನೇ ಹಾಡಿ ಎಂದು. ಅರಮನೆ ಮೈದಾನದಲ್ಲಿ ಕೂಗಿದ ಅದೇ ಬಾಯಿ.

ಇಲ್ಲೊಂದು ಆಕ್ಷೇಪ ಬರುತ್ತದೆ: ಜಾನಪದ, ಅದರಲ್ಲೂ ದೇವರ ಕಾವ್ಯ, ಬದಲಾಗಬಾರದು, ಹೊಸತು ಬೆರೆಸಿದರೆ ಕೆಡುತ್ತದೆ. ಉದಾಹರಣೆಗೆ 2020ರಲ್ಲಿ ಚಂದನ್ ಶೆಟ್ಟಿಯವರ ‘ಕೋಲುಮಂಡೆ’ ವಿಡಿಯೊ ಬಂದದ್ದು, ಮಾದಪ್ಪನ ಭಕ್ತರು ಸಿಟ್ಟಾದದ್ದು, ಅವರು ಕ್ಷಮೆ ಕೇಳಿ ವಿಡಿಯೊ ತೆಗೆದದ್ದು ನೆನಪಿಸುತ್ತಾರೆ. ಆದರೆ ಭಕ್ತರ ಸಿಟ್ಟು ಸಂಕಮ್ಮನನ್ನು ತೋರಿಸಿದ ರೀತಿಯ ಮೇಲಿತ್ತು. ಅದನ್ನು ಹೊಸತನದ ಮೇಲಿನ ತೀರ್ಪೆಂದು ಓದುವುದು ನಮ್ಮ ಸೋಮಾರಿತನಕ್ಕೆ ನೆಪ. ಹೊಸ ದನಿಯನ್ನು ಇದೇ ಜನ ಒಪ್ಪಿಕೊಂಡಿದ್ದಾರೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರನ್ನು ಗಿಟಾರ್ ಹಿಡಿದು ಹಾಡಿದಾಗ ಕಾಲೇಜು ಹುಡುಗರು ಷರೀಫರ ಕಡೆಗೇ ಓಡಿಬಂದರು. ಕೆಡುಕು ಇರುವುದು ಬೇರೆಡೆ. ಆ ರಘು ದೀಕ್ಷಿತರನ್ನೂ ಈಗ ನಾವು ಅವೇ ನಾಲ್ಕು ಹಾಡಿಗೆ ಕಟ್ಟಿಹಾಕುತ್ತಿದ್ದೇವೆ. ಕಾಲೇಜುಗಳ ಜಾನಪದ ಗೀತೆ ಸ್ಪರ್ಧೆಗೆ ತೀರ್ಪುಗಾರನಾಗಿ ಹೋದರೆ ಹದಿನೈದು ತಂಡಗಳಲ್ಲಿ ಎಂಟು ಒಂದೇ ಹಾಡು ಹಾಡುತ್ತವೆ, ಅದೂ ಯೂಟ್ಯೂಬಿನ ಉಸಿರು, ಕೊಂಕಿನ ಸಮೇತ.

ರಾಕ್ ಬ್ಯಾಂಡುಗಳ ಚಿಂತೆಗಿಂತ ಇಲ್ಲಿಯ ಚಿಂತೆ ದೊಡ್ಡದು. ಸ್ಟೋನ್ಸ್ ಹೊಸ ಆಲ್ಬಮ್ಮನ್ನು ನಾವು ಕೇಳದಿದ್ದರೆ ಅದು ಎಲ್ಲೋ ಉಳಿದಿರುತ್ತದೆ. ನಲವತ್ತು ವರ್ಷದ ನಂತರ ಯಾರಾದರೂ ತೆಗೆದು ಕೇಳಬಹುದು. 1970ರ ದಶಕದ ಕೊನೆಯಲ್ಲಿ ಜಾನ್ ಲೆನನ್ ಮನೆಯಲ್ಲಿ ಕ್ಯಾಸೆಟ್ಟಿಗೆ ಹಾಡಿಟ್ಟ ದನಿಯನ್ನು ಯಂತ್ರದಿಂದ ಬಿಡಿಸಿ 2023ರಲ್ಲಿ ಬೀಟಲ್ಸ್ ಹಾಡಾಗಿ ಹೊರತಂದರಲ್ಲ. ಹತ್ತು ನಿಮಿಷದ ಚೀಟಿ ಕೊಟ್ಟು ನಾವು ವಾಪಸ್ ಕಳಿಸಿದ ಹಲಗೂರಿನ ಸಾಲು, ಆ ಹಿರಿಯನ ಬಾಯಲ್ಲಿ ಅವತ್ತು ಹೇಗೆ ಹಿಗ್ಗುತ್ತಿತ್ತೋ ಹಾಗೆ, ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ಪಕ್ಕದಲ್ಲಿ ಹಿಮ್ಮೇಳ ಎತ್ತಲು ಕೂತಿದ್ದ ಅವರ ಮೊಮ್ಮಗ ಅವತ್ತು ಕಲಿತದ್ದು ಒಂದೇ ಪಾಠ: ದೊಡ್ಡ ಕಥೆ ಕಲಿತು ಪ್ರಯೋಜನವಿಲ್ಲ, ಏಳು ನಿಮಿಷದ್ದು ಸಾಕು.

ಹಾಗಾಗಿ ನನ್ನ ಬೇಡಿಕೆ ಸಣ್ಣದು, ಆದರೆ ಅದರಲ್ಲಿ ಚೌಕಾಸಿ ಇಲ್ಲ. ನಿಮ್ಮ ಮೆಚ್ಚಿನ ಹಳೆಯ ಬ್ಯಾಂಡಿನ ಹೊಸ ಆಲ್ಬಂ ಬಂದರೆ ಮೊದಲಿನಿಂದ ಕೊನೆಯವರೆಗೆ ಮೂರು ಸಲ ಕೇಳಿ, ಆಮೇಲೆ ಬೇಕಾದರೆ ಬೈಯಿರಿ. ಬೈಗುಳಕ್ಕಾದರೂ ಒಂದು ತೂಕ ಬರುತ್ತದೆ. ಊರಿನಲ್ಲಿ ಕಾರ್ಯಕ್ರಮ ಮಾಡುವವರು ಭಾಷಣದಲ್ಲಿ ಉಳಿದ ಸಮಯವನ್ನು ಕಲಾವಿದರಿಗೆ ಕೊಡುವ ಬದಲು ಕಲಾವಿದರಿಂದ ಉಳಿದದ್ದನ್ನು ಭಾಷಣಕ್ಕೆ ಕೊಡಿ. ಯಾವ ಹಾಡು ಬೇಕೆಂದು ಅವರಿಗೆ ಹೇಳಬೇಡಿ, ಏನು ಹಾಡಬೇಕೆಂದಿದ್ದೀರಿ ಎಂದು ಕೇಳಿ.

ಕಳೆದ ತಿಂಗಳು ನಾನು ಆ ಹಿರಿಯರ ಮನೆಗೆ ಹೋಗಿದ್ದೆ. ಈ ಸಲ ಭಾಷಣಕ್ಕೆ ಮುಂಚೆಯೇ ಅವರ ಹಾಡು, ಸಂಜೆ ಏಳರಿಂದ ಎಷ್ಟು ಹೊತ್ತಾದರೂ ಸರಿ ಎಂದು ಸಮಿತಿಯಲ್ಲಿ ಜಗಳವಾಡಿ ಒಪ್ಪಿಸಿದ್ದೆ. ಸಂಭಾವನೆಯ ಅರ್ಧವನ್ನು ಮುಂಗಡವಾಗಿ ಕೈಗಿಟ್ಟೆ. ಅವರು ದುಡ್ಡು ಎಣಿಸಲಿಲ್ಲ. ‘ಸರಿ ಸಾಮಿ. ಯಾವ್ದು ಹೇಳ್ಲಿ? ಸೂಜುಮಲ್ಲಿಗೆ ತಾನೆ?’ ಎಂದರು.

ನಿಮಗೆ ಬೇಕಾದ್ದು ಅಂದೆ. ಅವರು ನಂಬಿದಂತೆ ಕಾಣಲಿಲ್ಲ.